ಹಿಂದಕ್ಕೆ ಸರಿಸಿದ ಸೀಟು

ಖಲಂದರನ ಕಾರಿನ ಕೀಯನ್ನು ನೀವು ನೋಡಬೇಕಿತ್ತು. ಮೇಲಿನ ಪ್ಲಾಸ್ಟಿಕ್ ಎಂದೋ ಬಿರುಕು ಬಿಟ್ಟು, ಕರೆಂಟಿನವರ ಕರಿ ಟೇಪು ಸುತ್ತಿಸಿಕೊಂಡು, ಆ ಟೇಪಿನ ಮೇಲೊಂದು ರಬ್ಬರ್ ಬ್ಯಾಂಡು ಹಾಕಿಸಿಕೊಂಡು ಹೇಗೋ ಬದುಕಿತ್ತು. ರಿಮೋಟಿನ ಗುಂಡಿ ಒತ್ತಿದರೆ ಕಾರು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ. ಬಾಗಿಲಿಗೆ ತೂರಿಸಿ ತಿರುಗಿಸಬೇಕು, ಅದೂ ಒಂದೇ ಸಲಕ್ಕೆ ತಿರುಗುತ್ತಿರಲಿಲ್ಲ. ಆಲೂರು, ಸಕಲೇಶಪುರ ಎರಡೂ ತಾಲೂಕಿನ ಕಾರುಗಳಿಗೆ ಹೊಸ ಕೀ ಮಾಡಿಕೊಡುವವನ ಸ್ವಂತ ಕೀ ಇದು.

ಬಾಳ್ಳುಪೇಟೆಯಲ್ಲಿ ಅವನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ನನ್ನದು ಟಾರ್ಪಾಲು, ಹಗ್ಗ, ಗೋಣಿಚೀಲದ ವ್ಯಾಪಾರ. ಹೆಸರು ರಾಜಶೇಖರ್, ಅವನ ಬಾಯಲ್ಲಿ ಶೇಖ್ರಣ್ಣ. ನನಗೆ ಸಿಟ್ಟು ಜಾಸ್ತಿ ಎಂದು ಊರವರು ಹೇಳುತ್ತಾರೆ. ಹೇಳಲಿ. ಹೆದ್ದಾರಿ ಪಕ್ಕದಲ್ಲಿ ಕೂತು ದಿನವಿಡೀ ಲಾರಿ ಹಾರನ್ ಕೇಳುವವನಿಗೆ ಸಿಟ್ಟು ಬರದೆ ಇನ್ನೇನು ಬರುತ್ತದೆ? ಆ ಕೀ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು.

"ಗಿರಾಕಿಗಳು ನೋಡಿದ್ರೆ ಏನಂದಾರು ಮಾರಾಯ? ಒಂದು ಹೊಸ ಕೀ ಹಾಕ್ಕಳಕ್ಕೆ ನಿಂಗೇನು ರೋಗ?" ಎಂದರೆ ಅವನು ಕತ್ತರಿಸುವ ಯಂತ್ರದ ಮೇಲಿನ ಹಿತ್ತಾಳೆ ಪುಡಿಯನ್ನು ಬ್ರಷ್ಷಿನಿಂದ ಗುಡಿಸುತ್ತ, "ನಡೀತೈತಲ್ಲ ಬಿಡು ಶೇಖ್ರಣ್ಣ" ಎನ್ನುತ್ತಿದ್ದ.

ಖಲಂದರನ ಅಪ್ಪ ಸಂತೆಯಲ್ಲಿ ಗೋಣಿ ಹಾಸಿಕೊಂಡು ಕೊಡೆ, ಟಾರ್ಚು, ಬೀಗ ರಿಪೇರಿ ಮಾಡುತ್ತಿದ್ದವರು. ಮಗ ಕೂಡ ಅರ ಹಿಡಿದು ಬೀರು, ಸೈಕಲ್ಲು, ಎಸ್ಟೇಟ್ ಸ್ಟೋರಿನ ಬೀಗಗಳಿಗೆ ಕೀ ಉಜ್ಜುತ್ತ ದೊಡ್ಡವನಾದ. ಕಾರಿನ ಕೀಗಳ ತಲೆಯೊಳಗೆ ಚಿಪ್ ಬಂದ ಮೇಲೆ ಅರದ ಕೆಲಸ ಅರ್ಧವಾಯಿತು. ಆಗ ಎಲ್ಲೆಲ್ಲೋ ಅಲೆದು ಪ್ರೋಗ್ರಾಮ್ ಮಾಡುವುದನ್ನು ಕಲಿತುಕೊಂಡು, ಅದರ ಮಿಷನ್ನನ್ನೂ ತಂದಿಟ್ಟ. ತೋಟದಲ್ಲಿ ಕೀ ಬೀಳಿಸಿಕೊಂಡವರು, ಹೊಳೆಗೆ ಇಳಿದು ರಿಮೋಟ್ ನೆನೆಸಿಕೊಂಡವರು, ಹೋಂಸ್ಟೇಗೆ ಬಂದು ಕೀ ಒಳಗೇ ಬಿಟ್ಟು ಬಾಗಿಲು ಹಾಕಿಕೊಂಡವರು ಎಲ್ಲರೂ ಅವನಿಗೇ ಫೋನ್ ಮಾಡುತ್ತಾರೆ. ಕುಳ್ಳ ಮನುಷ್ಯ, ಮಾತು ಕಮ್ಮಿ. ಕೀ ಕೈಗೆ ಬಂದರೆ ಮೊದಲು ಅದನ್ನು ಪ್ಯಾಂಟಿಗೆ ಒರೆಸಿ, ಬೆಳಕಿಗೆ ಹಿಡಿದು, ಆಮೇಲೆ ಗಿರಾಕಿಯ ಮುಖ ನೋಡುತ್ತಾನೆ.

ಈಗಿನ ಕೀಯಲ್ಲಿ ಕೆಲಸ ಎರಡು ಪಾಲು. ಹಲ್ಲು ಸರಿಯಿದ್ದರೆ ಬಾಗಿಲು ತೆಗೆಯುತ್ತದೆ. ಆದರೆ ಕೀಯೊಳಗಿನ ಚಿಪ್ಪನ್ನು ಕಾರು ಗುರುತು ಹಿಡಿಯದಿದ್ದರೆ ಇಂಜಿನ್ ಸ್ಟಾರ್ಟ್ ಆಗುವುದಿಲ್ಲ; ಮೀಟರಿನಲ್ಲಿ ಕೀ ಚಿತ್ರದ ಕೆಂಪು ದೀಪ ಮಿಣುಕುತ್ತ ಕೂರುತ್ತದೆ. ಇನ್ನು ಕೆಲವು ಕಾರುಗಳಿಗೆ ಒಂದು ಚಾಳಿ ಇದೆ. ಹೊಸ ಕೀ ಕಲಿಸಲು ಕೂತರೆ ಹಳೆಯದನ್ನೆಲ್ಲ ಮರೆತು ಮೊದಲಿಂದ ಕಲಿಯುತ್ತವೆ. ಆ ಹೊತ್ತಿಗೆ ಎದುರಿಗಿದ್ದ ಕೀಗಳು ಉಳಿದವು, ಇಲ್ಲದ ಕೀ ಸತ್ತ ಹಾಗೆ. ಅದಕ್ಕೇ ಖಲಂದರನದು ಒಂದೇ ಮಾತು: ಗಾಡಿಯ ಆರ್‌ಸಿ ತನ್ನಿ, ಮನೆಯಲ್ಲಿರುವ ಎಲ್ಲ ಕೀಗಳನ್ನೂ ತನ್ನಿ, ಮೇಜಿನ ಮೇಲೆ ಇಡಿ, ಆಮೇಲೆ ಮಾತು. ಎಂಥಾ ದೊಡ್ಡ ಮನುಷ್ಯ ಬಂದರೂ ಅವನು ಈ ಮಾತು ಬಿಟ್ಟುಕೊಟ್ಟವನಲ್ಲ.

ಇದನ್ನೆಲ್ಲ ಅವನಿಂದ ಕಲಿತವನು ತಮ್ಮ ಜಾವೀದ್. ಅಣ್ಣನಿಗಿಂತ ಒಂದು ಮೊಳ ಎತ್ತರ, ಬಾಯಿ ತೆರೆದರೆ ನಗು. ನನ್ನ ಅಂಗಡಿಗೆ ಬಂದು ಟಾರ್ಪಾಲಿನ ಸುರುಳಿ ಮೇಲೆ ಕೂತು, "ಶೇಖ್ರಣ್ಣ, ನಿನ್ನ ಸಿಟ್ಟಿಗೂ ಒಂದು ರಿಮೋಟ್ ಮಾಡ್ಕೊಡ್ಲಾ?" ಎನ್ನುತ್ತಿದ್ದ. ಮಿಷನ್ ಕೆಲಸ ಅವನ ಕೈಗೆ ಅಣ್ಣನಿಗಿಂತ ಬೇಗ ಹತ್ತಿತು. ಇಬ್ಬರೂ ಸೇರಿ ಹಾಸನದಿಂದ ಆ ಹಳೇ ಬಿಳಿ ಕಾರು ತಂದರು. ಅದಕ್ಕೆ ಎರಡು ಕೀ ಇದ್ದವು, ಒಬ್ಬೊಬ್ಬರಿಗೆ ಒಂದೊಂದು. ಜಾವೀದ ತನ್ನ ಕೀ ಜೊತೆಗೆ ಅಪ್ಪನ ಕಾಲದ ಪೆಟ್ಟಿಗೆಯ ಪುಟ್ಟ ಹಿತ್ತಾಳೆ ಕೀಯೊಂದನ್ನು ಪೋಣಿಸಿಕೊಂಡ. ಆ ಪೆಟ್ಟಿಗೆ ಮನೆಯಲ್ಲಿ ಈಗ ಇಲ್ಲ.

ಒಂದು ದಿನ ಖಲಂದರ್ ಮಾರನಹಳ್ಳಿ ಕಡೆ ಯಾವುದೋ ಎಸ್ಟೇಟಿಗೆ ಹೋಗಿದ್ದಾಗ ಆಲೂರು ಕಡೆಯ ಜವರಪ್ಪನವರ ಮಗ ಅಭಿಲಾಷ್ ಕಾರು ತಂದು ನಿಲ್ಲಿಸಿದ. ಇರುವುದು ಒಂದೇ ಕೀ, ಇನ್ನೊಂದು ಬೇಕು ಎಂದ. ಜಾವೀದ ಕೇಳುವುದನ್ನು ಕೇಳಿದ. ಹುಡುಗ ಆಣೆ ಮಾಡಿದ, ಇವನು ನಂಬಿದ. ನಂಬದಿರುವುದು ಅವನಿಗೆ ಗೊತ್ತೇ ಇರಲಿಲ್ಲ. ಇನ್ನೊಂದು ಕೀ ಜವರಪ್ಪನವರ ಜೇಬಿನಲ್ಲೇ ಇತ್ತು. ಮನೆಯ ಸ್ಪೇರ್ ಕೀ ಎತ್ತಿಕೊಂಡು ಬಂದಿದ್ದ ಮಗನಿಗೆ ಅಪ್ಪನಿಗೆ ಕಾಣದ ಹಾಗೆ ಗಾಡಿ ಓಡಿಸಲು ತನ್ನದೇ ಒಂದು ಕಳ್ಳ ಕೀ ಬೇಕಾಗಿತ್ತು, ಅಷ್ಟೇ.

ಮಗಳ ನಿಶ್ಚಿತಾರ್ಥದ ಬೆಳಿಗ್ಗೆ ಜವರಪ್ಪ ಪಂಚೆ ಶಲ್ಯ ಹಾಕಿಕೊಂಡು ಕಾರಿನಲ್ಲಿ ಕೂತರು. ಬಾಗಿಲು ತೆಗೆಯಿತು, ಇಂಜಿನ್ ಸ್ಟಾರ್ಟ್ ಆಗಲಿಲ್ಲ; ಅವರ ಕೀಯನ್ನು ಕಾರು ಮರೆತಿತ್ತು. ಮಗ ಉಳಿದೆರಡು ಕೀ ಹಿಡಿದುಕೊಂಡು ಎಲ್ಲೋ ಹೂವು ತರಲು ಹೋಗಿದ್ದ. ಬೀಗರ ಮುಂದೆ ಹೊತ್ತು ಮೀರಿ ಹೋಗಿ, ಅವಮಾನವಾಗಿ, ಮಾರನೆಯ ದಿನ ಅವರು ಜನ ಕಟ್ಟಿಕೊಂಡು ಬಾಳ್ಳುಪೇಟೆಗೆ ಬಂದರು. ಬೀದಿ ತುಂಬ ಜನ. ನಾನು ಅಂಗಡಿ ಮೆಟ್ಟಿಲ ಮೇಲೆ ನಿಂತು ನೋಡಿದೆ.

ಅಣ್ಣತಮ್ಮಂದಿರು ತಮ್ಮತಮ್ಮಲ್ಲಿ ಮಾತಾಡುವುದು ಮನೆಯ ಉರ್ದುವಿನಲ್ಲಿ. ಅವತ್ತು ಖಲಂದರ್ ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಬೈದ.

"ಇನ್ನೊಬ್ಬರ ಕೀ ಅಳಿಸೋಕೆ ಮುಂಚೆ ಅವರನ್ನ ಕೇಳ್ಬೇಕು ಕಣೋ. ಕೇಳ್ದೆ ಅಳಿಸೋನು ಕಳ್ಳನಿಗಿಂತ ಕಡೆ. ಇಳಿ, ಅಂಗಡಿಯಿಂದ ಇಳಿ."

ಜಾವೀದ ಶಟರಿನ ಕೀ, ಅರ, ಸ್ಕ್ರೂಡ್ರೈವರು ಎಲ್ಲ ಮೇಜಿನ ಮೇಲೆ ಸಾಲಾಗಿ ಇಟ್ಟು ಇಳಿದ. ಮಂಗಳೂರು ಕಡೆಯ ಬಸ್ಸು ನಿಂತಿತ್ತು, ಹತ್ತಿ ಹೋಗ್ಬುಟ್ಟ. ಕಾರಿನ ಕೀ ಮಾತ್ರ ಅವನ ಜೇಬಿನಲ್ಲೇ ಹೋಯಿತು.

ಖಲಂದರ್ ಹುಡುಕದ ಊರಿಲ್ಲ. ಮಂಗಳೂರಿನ ಕೀ ಅಂಗಡಿಗಳಲ್ಲಿ ವಿಚಾರಿಸಿದ, ಉಪ್ಪಿನಂಗಡಿಯಲ್ಲಿ ಕಂಡೆವು ಎಂದವರ ಮಾತು ಕೇಳಿ ಅಲ್ಲಿಗೂ ಹೋದ. ಫೋನ್ ನಂಬರು ಬದಲಾಗಿತ್ತು. ಮನೆಯಲ್ಲಿ ತಾಯಿ ಮರಿಯಮ್ ಬೀ ಸಾಯಂಕಾಲವಾದರೆ ಬಾಗಿಲಲ್ಲಿ ಕೂತು, ಮಂಗಳೂರು ಕಡೆಯಿಂದ ಬಂದ ಬಸ್ಸಿನಿಂದ ಇಳಿಯುವವರನ್ನು ನೋಡುತ್ತಿದ್ದರು. ಯಾರನ್ನು ನೋಡುತ್ತಿದ್ದೀರಿ ಎಂದು ಅವರನ್ನು ಕೇಳುವ ಧೈರ್ಯ ನನಗೂ ಇರಲಿಲ್ಲ.

ಹೀಗಿರುವಾಗ ಒಂದು ರಂಜಾನ್ ಹಬ್ಬದ ದಿನ ಖಲಂದರ್ ಶಾವಿಗೆ ಪಾಯಸದ ಡಬ್ಬಿ ಹಿಡಿದುಕೊಂಡು ನನ್ನ ಅಂಗಡಿಗೆ ಬಂದ. ಮುಖ ಒಂದು ಥರಾ ಇತ್ತು.

"ಶೇಖ್ರಣ್ಣ, ಬೆಳಿಗ್ಗೆ ಈದ್ಗಾಕ್ಕೆ ಹೋಗೋಣ ಅಂತ ಕಾರಲ್ಲಿ ಕೂತೆ. ಕಾಲು ಕ್ಲಚ್ಚಿಗೆ ಎಟುಕಲಿಲ್ಲ."

"ಇನ್ನೂ ಕುಳ್ಳ ಆದ್ಯಾ?" ಎಂದೆ.

"ಸೀಟು ಪೂರ್ತಿ ಹಿಂದಕ್ಕೆ ಹೋಗೈತೆ. ಕನ್ನಡಿನೂ ಮೇಲಕ್ಕೆ ತಿರುಗೈತೆ. ಬಾಗಿಲು ನೀಟಾಗಿ ಲಾಕ್ ಆಗೇ ಇತ್ತು." ಅವನು ಡಬ್ಬಿಯನ್ನು ನನ್ನ ಕೈಗೆ ಕೊಡುವುದನ್ನೂ ಮರೆತು ನಿಂತಿದ್ದ. "ಅವನು ಬಂದಿದ್ದ. ಒಂದು ಸುತ್ತು ಓಡ್ಸವ್ನೆ. ತಂದು ಅದೇ ಜಾಗಕ್ಕೆ ನಿಲ್ಲಿಸಿ ಹೋಗವ್ನೆ."

ಖುಷಿಯಾಯಿತು ನನಗೆ, ಸುಳ್ಳು ಯಾಕೆ ಹೇಳಲಿ. ಸಿಟ್ಟೂ ಬಂತು. ಮನೆ ಬಾಗಿಲವರೆಗೆ ಬಂದವನಿಗೆ ಬಾಗಿಲು ತಟ್ಟಲು ಏನು ಧಾಡಿ? ಮರುವರ್ಷದ ಹಬ್ಬಕ್ಕೂ ಹಾಗೇ ಆಯಿತು. ಮುಂದಿನ ಸಲ ಕಾರೊಳಗೇ ಮಲಗಿದ್ದು ಹಿಡಿದುಹಾಕು ಎಂದೆ.

"ಹಿಡಿಯೋಕೆ ಅವನೇನು ಕಳ್ಳನಾ?" ಎಂದ ಖಲಂದರ್. "ನಾನು ಕಾಯ್ತಾ ಕೂತಿದೀನಿ ಅಂತ ಗೊತ್ತಾದ್ರೆ ಇಷ್ಟೂ ನಿಂತೋಗ್ತೈತೆ. ಬಂದು ಕೂತ್ಕಂಡು ಹೋಗ್ಲಿ. ಒಂದಿನ ಇಳಿದು ಬಾಗಿಲು ತಟ್ತಾನೆ."

ಟೇಪು ಸುತ್ತಿದ ಆ ಕೀಯ ಗುಟ್ಟು ನನಗೆ ಗೊತ್ತಾದದ್ದು ಆವಾಗ. ಅವನ ಕಾರೂ ಅದೇ ಚಾಳಿಯದು. ಅದರ ಚಿಪ್ಪನ್ನು ನಕಲು ತೆಗೆಯಲೂ ಬರುವುದಿಲ್ಲವಂತೆ. ತಾನೊಂದು ಹೊಸ ಕೀ ಕಲಿಸಿದರೆ, ಎದುರಿಗಿಲ್ಲದ ಜಾವೀದನ ಕೀಯನ್ನು ಕಾರು ಮರೆತುಬಿಡುತ್ತದೆ. ಅದಕ್ಕೇ ಟೇಪು, ಅದಕ್ಕೇ ರಬ್ಬರ್ ಬ್ಯಾಂಡು. ಅವತ್ತಿನಿಂದ ನಾನು ಆ ಕೀ ಬಗ್ಗೆ ತಮಾಷೆ ಮಾಡುವುದನ್ನು ಬಿಟ್ಟೆ.

ಆದರೆ ಎಷ್ಟು ಜೋಪಾನ ಮಾಡಿದರೂ ಆಗುವುದು ಆಗಿಯೇ ಆಯಿತು. ಒಂದು ಬೆಳಿಗ್ಗೆ ಅವನ ಹೆಂಡತಿ ರುಕ್ಸಾರ್ ಜೇಬು ನೋಡದೆ ಅಂಗಿಯನ್ನು ಸೋಪಿನ ನೀರಿಗೆ ಹಾಕಿದಳು, ಒಗೆಯುವ ಕಲ್ಲಿನ ಮೇಲೆ ಎತ್ತಿ ಬಡಿದಳು. ಒಳಗೆ ಕೀ ಇತ್ತು. ಚಿಪ್ ಪುಡಿಯಾಯಿತು. ರುಕ್ಸಾರ್ ಅಳುತ್ತಿದ್ದಳು. ಖಲಂದರ್ ಅವಳಿಗೆ ಒಂದು ಮಾತೂ ಅನ್ನದೆ, ಕಲ್ಲಿನ ಪಕ್ಕ ಕುಕ್ಕರುಗಾಲಲ್ಲಿ ಕೂತು ನೊರೆಯೊಳಗೆ ಬೆರಳಾಡಿಸುತ್ತಿದ್ದ. ಸಿಕ್ಕಿದ್ದನ್ನು ಸೇರಿಸಿದರೂ ಏನೂ ಆಗುವುದಿಲ್ಲ ಎಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಕಾರು ಮನೆ ಮುಂದೆ ನಿಂತೇ ಹೋಯಿತು. ಇವನು ಮಿಷನ್ನಿನ ಚೀಲ ಹೆಗಲಿಗೆ ಹಾಕಿಕೊಂಡು ಎಸ್ಟೇಟುಗಳಿಗೆ ಬಸ್ಸಲ್ಲಿ, ಆಟೋದಲ್ಲಿ ಹೋಗತೊಡಗಿದ. ದಾರಿಯಲ್ಲಿ ಇಳಿದು ತೋಟದ ಕೂಲಿಯವರ ಲೈನ್ ಮನೆಗಳ ಮುಂದೆ ನಡೆದುಕೊಂಡು ಹೋಗುತ್ತಿದ್ದನಂತೆ. ಅದು ಹೋಗಲಿ, ಗಂಡಸು, ನಡೆಯಲಿ. ಮರಿಯಮ್ ಬೀ ಕಣ್ಣಿಗೆ ಇಂಜೆಕ್ಷನ್ ಹಾಕಿಸಿಕೊಳ್ಳಲು ಆಗಾಗ ಹಾಸನಕ್ಕೆ ಹೋಗಬೇಕಿತ್ತು. ಬಾಡಿಗೆ ಕಾರಿಗೆ ಆ ಹೆಂಗಸು ಒಪ್ಪುವವರಲ್ಲ. ಮನೆ ಮುಂದೆ ಕಾರು ಇಟ್ಟುಕೊಂಡು ಬಾಡಿಗೆ ಯಾಕೆ ಎನ್ನುವವರು. ಕಾರು ಯಾಕೆ ಓಡುತ್ತಿಲ್ಲ ಎಂದರೆ, ರಿಪೇರಿ ಐತೆ ಎಂದಷ್ಟೇ ಮಗ ಹೇಳಿದ್ದ.

ಒಂದು ದಿನ ಮಗನ ಜೊತೆ ಹಾಸನದಿಂದ ಬರುವಾಗ ಬಸ್ಸು ತುಂಬಿ ತುಳುಕುತ್ತಿತ್ತು. ಒಂದು ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡ ಆ ತಾಯಿ ಕಂಬಿ ಹಿಡಿದು ನಿಂತೇ ಬಂದರು. ಎಲ್ಲೋ ಬ್ರೇಕ್ ಹಾಕಿದಾಗ ಹಣೆ ಕಂಬಿಗೆ ಬಡಿಯಿತು. ಬಾಳ್ಳುಪೇಟೆಯಲ್ಲಿ ಇಳಿದಾಗ ಹಣೆ ಊದಿತ್ತು. "ಏನಿಲ್ಲ ಶೇಖರಪ್ಪ, ಎಲ್ಲಾರೂ ನಿಂತೇ ಬಂದ್ರು" ಎಂದರು ನನಗೆ. ಅವರನ್ನು ನನ್ನ ಅಂಗಡಿಯಲ್ಲಿ ಕೂರಿಸಿ, ನೀರು ಕೊಟ್ಟು, ಖಲಂದರನನ್ನು ಗೋಡೆಯಾಚೆಗೆ ಎಳೆದುಕೊಂಡು ಹೋಗಿ ಚೆನ್ನಾಗಿ ಉಗಿದೆ.

"ಇರೋ ಅಮ್ಮನ್ನ ಬಸ್ಸಲ್ಲಿ ನಿಲ್ಲಿಸ್ಕಂಡು, ಇಲ್ದೇ ಇರೋ ತಮ್ಮನಿಗೆ ಕಾರು ಕಾದಿಟ್ಟಿದ್ದೀಯಲ್ಲೋ. ಅವನಿಗೆ ಬೇಕಾಗಿದ್ರೆ ಬಾಗಿಲು ತಟ್ಟೋನು."

ಅವನು ಅವತ್ತೇ ಮಧ್ಯಾಹ್ನ ಮಿಷನ್ ತಂದು ಸ್ಟೇರಿಂಗಿನ ಕೆಳಗೆ ವೈರು ಸಿಕ್ಕಿಸಿದ. ಹೊಸ ಕೀ ಕತ್ತರಿಸಿ ಆಗಿತ್ತು. ಪಕ್ಕದ ಸೀಟಿನಲ್ಲಿ ನಾನು ಕೂತಿದ್ದೆ. ಮಿಷನ್ನಿನ ಪರದೆಯ ಮೇಲೆ ಏನೋ ಬಂತು, ಅವನ ಬೆರಳು ನಿಂತಿತು.

"ಏನಂತೆ?" ಎಂದೆ.

"ಎಷ್ಟು ಕೀ ಅಂತ ಕೇಳ್ತೈತೆ."

"ಒಂದು ಅಂತ ಒತ್ತು."

"ಎರಡು ಐತಲ್ಲ ಶೇಖ್ರಣ್ಣ."

ಅವನು ಗಾಜಿನಾಚೆ ರಸ್ತೆ ಕಡೆ ನೋಡಿದ. "ಅವತ್ತು ಅಷ್ಟು ಜನದ ಮುಂದೆ ಹೇಳ್ದೆ, ಕೇಳ್ದೆ ಅಳಿಸೋನು ಕಳ್ಳನಿಗಿಂತ ಕಡೆ ಅಂತ. ಇವತ್ತು ಅವನ್ನ ಕೇಳೋಕೆ ನಾನೆಲ್ಲಿಗೆ ಹೋಗ್ಲಿ?" ಎಂದ. ಆಮೇಲೆ ಒಂದು ಎಂದು ಒತ್ತಿದ. ಹೊಸ ಕೀ ತಿರುಗಿಸಿದಾಗ ಇಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಯಿತು. ರಿಮೋಟೂ ಕೆಲಸ ಮಾಡಿತು. ಮರಿಯಮ್ ಬೀ ಬಾಗಿಲಿಂದಲೇ ಶಬ್ದ ಕೇಳಿ, ಅಂತೂ ರಿಪೇರಿ ಆಯ್ತು ಎಂದು ಖುಷಿಪಟ್ಟರು.

ಮುಂದಿನ ರಂಜಾನ್ ಹಬ್ಬದ ಬೆಳಿಗ್ಗೆ ನಾನಿನ್ನೂ ಅಂಗಡಿ ಬಾಗಿಲು ಎತ್ತಿರಲಿಲ್ಲ. ಅವರ ಓಣಿಯಿಂದ ಮರಿಯಮ್ ಬೀ ನನ್ನನ್ನು ಕೂಗುವುದು ಕೇಳಿಸಿತು. ಹೋದೆ. ಹೊಸ ಸೀರೆ ಉಟ್ಟ ಆಕೆ ಕಾರಿನ ಪಕ್ಕ ನಿಂತಿದ್ದರು. ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಸೀಟು ಹಿಂದಕ್ಕೆ ಹೋಗಿತ್ತು. ಸ್ಟೇರಿಂಗಿನ ಪಕ್ಕ ಕೀ ಸಿಕ್ಕಿಸಿದ ಹಾಗೇ ಇತ್ತು, ಅದರಿಂದ ಅಪ್ಪನ ಕಾಲದ ಆ ಪುಟ್ಟ ಹಿತ್ತಾಳೆ ಕೀ ಜೋತಾಡುತ್ತಿತ್ತು.

"ಜಾವೀದ ಬಂದವ್ನೆ ಶೇಖರಪ್ಪ" ಎಂದರು. ಒಂದು ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಇನ್ನೊಂದಕ್ಕೆ ಹಿಂದಿನ ದಿನದ ಇಂಜೆಕ್ಷನ್ನಿನ ಪಟ್ಟಿ. "ನೋಡು, ಕೀನೂ ಬಿಟ್ಟವ್ನೆ. ಇನ್ನು ಹೋಗಲ್ಲ ಅಂತ ತಾನೇ ಬಿಟ್ಟಿರೋದು? ಟೀ ಕುಡಿಯೋಕೆ ಹೋಗಿರ್ತಾನೆ, ಬರ್ತಾನೆ." ಒಳಗೆ ಹೋಗಿ, ಪಾಯಸಕ್ಕೆ ಇನ್ನೊಂದಿಷ್ಟು ಹಾಲು ಹಾಕು ಎಂದು ರುಕ್ಸಾರಳಿಗೆ ಹೇಳುವುದು ಕೇಳಿಸಿತು.

ಒಂದು ಗಳಿಗೆ ನಾನೂ ಹಾಗೇ ನಂಬಿದೆ. ಆಮೇಲೆ ಖಲಂದರನ ಮುಖ ನೋಡಿದೆ.

ಅವನು ಹಿಂದಕ್ಕೆ ಹೋದ ಸೀಟಿನಲ್ಲಿ ಹಾಗೇ ಕೂತು ಆ ಕೀಯನ್ನು ತಿರುಗಿಸಿದ. ಇಂಜಿನ್ ಸ್ಟಾರ್ಟ್ ಆಗಲಿಲ್ಲ. ಮೀಟರಿನಲ್ಲಿ ಕೆಂಪು ದೀಪ ಮಿಣುಕತೊಡಗಿತು.

"ಅವನೂ ಇದನ್ನೇ ನೋಡವ್ನೆ" ಎಂದ. "ಬೇರೆ ಯಾರಾದ್ರೂ ಆಗಿದ್ರೆ ಬ್ಯಾಟ್ರಿ ಹೋಗೈತೆ ಅಂದ್ಕಳೋರು. ಈ ದೀಪ ಅಂದ್ರೆ ಏನು ಅಂತ ಅವನಿಗೆ ಕಲಿಸಿದ್ದೇ ನಾನು. ಅಣ್ಣ ನನ್ನ ಅಳಿಸವ್ನೆ ಅಂತ ತಿಳ್ಕಂಡು ಕೀ ವಾಪಸ್ ಕೊಟ್ಟು ಹೋಗವ್ನೆ."

ಬಸ್ ಸ್ಟ್ಯಾಂಡು, ಈದ್ಗಾ, ಸಕಲೇಶಪುರದ ರೈಲ್ವೆ ಸ್ಟೇಷನ್ನು ಎಲ್ಲ ಕಡೆ ಇಬ್ಬರೂ ಹುಡುಕಿದೆವು. ಹಬ್ಬದ ದಿನ, ಎಲ್ಲಿ ನೋಡಿದರೂ ಹೊಸ ಬಟ್ಟೆ ಹಾಕಿದ ಉದ್ದ ಉದ್ದ ಹುಡುಗರು. ಹಿಂದಿನಿಂದ ನೋಡಿ ಖಲಂದರ್ ಒಬ್ಬನ ಭುಜ ಹಿಡಿದು ತಿರುಗಿಸಿದ್ದಕ್ಕೆ ಆ ಹುಡುಗ ಗಾಬರಿಯಾದ. ವಾಪಸ್ ಬಂದಾಗ ಮರಿಯಮ್ ಬೀ ತಟ್ಟೆ ಮುಚ್ಚಿದ ಪಾಯಸದ ಬಟ್ಟಲನ್ನು ಎದುರಿಗಿಟ್ಟುಕೊಂಡು ಬಾಗಿಲಲ್ಲೇ ಕೂತಿದ್ದರು. ಕೀ ಬಿಟ್ಟುಹೋದದ್ದರ ಅರ್ಥ ಏನು ಎಂದು ಅವರಿಗೆ ಖಲಂದರ್ ಇವತ್ತಿಗೂ ಹೇಳಿಲ್ಲ. ಬರುತ್ತಾನೆ ಎಂದೇ ಅವರು ನಂಬಿದ್ದಾರೆ.

ಮಾರನೆಯ ದಿನ ಅವನು ಮತ್ತೆ ಮಿಷನ್ ಸಿಕ್ಕಿಸಿದ. ಎಷ್ಟು ಕೀ ಎಂದು ಕೇಳಿದಾಗ ತಡಮಾಡದೆ ಎರಡು ಎಂದು ಒತ್ತಿದ. ತನ್ನದೊಂದು, ಜಾವೀದನದೊಂದು. ತಮ್ಮನ ಕೀಯಲ್ಲೂ ಇಂಜಿನ್ ಸ್ಟಾರ್ಟ್ ಆಗುವುದನ್ನು ನೋಡಿ ಆಫ್ ಮಾಡಿ, ಆ ಕೀಯನ್ನು ತೆಗೆಯದೆ ಹಾಗೇ ಬಿಟ್ಟು ಇಳಿದ. ಬಾಗಿಲಿಗೆ ಲಾಕ್ ಹಾಕಲಿಲ್ಲ.

ಅಂದಿನಿಂದ ಇವತ್ತಿನವರೆಗೆ, ಮನೆ ಮುಂದೆ ನಿಂತಿರುವಾಗ ಆ ಬಿಳಿ ಕಾರಿಗೆ ಬೀಗ ಬಿದ್ದಿಲ್ಲ. ಹೆದ್ದಾರಿಯಿಂದ ಒಂದು ಕೂಗಿನಷ್ಟು ದೂರದಲ್ಲಿ ಕೀ ಸಮೇತ ನಿಂತಿರುತ್ತದೆ. ಊರಿಗೆಲ್ಲ ಬೀಗದ ಬಗ್ಗೆ ಬುದ್ಧಿ ಹೇಳುವವನು ತನ್ನ ಗಾಡಿಯನ್ನು ಹೀಗೆ ಬಿಟ್ಟಿದ್ದಾನೆ ಎಂದು ಜನ ನಗುತ್ತಾರೆ. ಯಾರಾದರೂ ಹೊಡೆದುಕೊಂಡು ಹೋದರೆ ಏನು ಮಾಡುತ್ತೀಯ ಎಂದು ನಾನು ಎಷ್ಟು ಸಲ ಕೂಗಾಡಿದ್ದೇನೋ ಲೆಕ್ಕವಿಲ್ಲ. "ಹೋದ್ರೆ ಹೋಗ್ಲಿ ಬಿಡು" ಎನ್ನುತ್ತಾನೆ. ಓಣಿಯವರೇ ಒಂದು ಕಣ್ಣಿಟ್ಟು ಕಾಯುತ್ತಾರೆ. ಇಲ್ಲ ಎನ್ನುವುದೇಕೆ, ನಾನೂ ಕಾಯುತ್ತೇನೆ.

ಮೊನ್ನೆ ಸಾಯಂಕಾಲ ಅವನು ಆಲೂರು ಕಡೆ ಕೆಲಸ ಮುಗಿಸಿ ಬಂದು ಕಾರು ನಿಲ್ಲಿಸುವುದನ್ನು ನೋಡುತ್ತಿದ್ದೆ. ತನ್ನ ಕೀ ತೆಗೆದು ಜೇಬಿಗೆ ಹಾಕಿಕೊಂಡ. ಜಾವೀದನ ಕೀಯನ್ನು ಡ್ಯಾಶ್‌ಬೋರ್ಡಿನ ಗೂಡಿನಿಂದ ತೆಗೆದು, ಪ್ಯಾಂಟಿಗೆ ಒರೆಸಿ, ಸಿಕ್ಕಿಸಿದ. ಇಳಿಯುವ ಮೊದಲು ಸೀಟಿನ ಕೆಳಗಿನ ಹಿಡಿ ಎತ್ತಿ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿದ. ಕನ್ನಡಿಯನ್ನೂ ಮೇಲಕ್ಕೆ ತಿರುಗಿಸಿದ. ದಿನವೂ ಹೀಗೇ ಮಾಡುತ್ತಾನಂತೆ, ನಾನು ಗಮನಿಸಿರಲಿಲ್ಲ.

"ಬುದ್ಧಿ ಐತಾ ನಿಂಗೆ?" ಎಂದೆ. "ಸೀಟು ನೋಡಿ ತಾನೇ ಅವನು ಬಂದಿದ್ದು ಗೊತ್ತಾಗ್ತಿದ್ದಿದ್ದು? ನೀನೇ ಹಿಂದಕ್ಕೆ ತಳ್ಳಿ ಇಟ್ಬುಟ್ರೆ, ಅವನು ಬಂದು ಹೋದ್ರೂ ನಿಂಗೆ ಗೊತ್ತಾಗೋದು ಹೆಂಗೆ?"

ಅವನು ಬಾಗಿಲನ್ನು ಮೆಲ್ಲಗೆ ಒತ್ತಿ ಮುಚ್ಚಿದ.

"ನಂಗೆ ಗೊತ್ತಾಗೋದು ಬ್ಯಾಡ ಶೇಖ್ರಣ್ಣ" ಎಂದ. "ಅವನಿಗೆ ಗೊತ್ತಾಗ್ಲಿ."

ಮರಿಯಮ್ ಬೀ ಬಾಗಿಲಲ್ಲಿ ಕೂತು ಬಸ್ಸಿನ ದಾರಿ ನೋಡುತ್ತಿದ್ದರು. ನನ್ನ ಅಂಗಡಿ ಮುಂದೆ ಯಾರೋ ಟಾರ್ಪಾಲು ಕೇಳಿಕೊಂಡು ಬಂದು ನಿಂತಿದ್ದರು, ಹೋದೆ.